ಬ್ಲೆನ್‌ಮನ್ ಅವರ ಬಲಭುಜ

ಬಾರ್ಬಡೋಸಿನ ಸೇಂಟ್ ಲೂಸಿಯಲ್ಲಿ ಮೂವತ್ತೊಂದು ವರ್ಷ ಶನಿವಾರದ ಲೀಗ್ ಪಂದ್ಯಗಳಿಗೆ ಅಂಪೈರಾಗಿ ನಿಂತ ಡಾರ್ನ್ಲಿ ಬ್ಲೆನ್‌ಮನ್ ಅವರ ಬಲಭುಜ ಸವೆದುಹೋದದ್ದು ಅಂಪೈರಿಂಗಿನಿಂದಲ್ಲ. ವಾರದ ಮಿಕ್ಕ ದಿನಗಳಲ್ಲಿ ಅವರು ಗಾರೆ ಕೆಲಸದವರು. ಛಾವಣಿಯ ಒಳಮೈಗೆ ಗಾರೆ ಬಳಿಯುವುದರಲ್ಲಿ ಅವರನ್ನು ಮೀರಿಸಿದವರು ಆ ಸೀಮೆಯಲ್ಲಿ ಇರಲಿಲ್ಲ. ನಲವತ್ತು ವರ್ಷ ಕರಣೆ ಹಿಡಿದ ಕೈಯನ್ನು ತಲೆಯ ಮೇಲೆತ್ತಿ ತೀಡಿದರೆ ಯಾವ ಕೀಲು ತಾನೇ ಉಳಿದೀತು ಎಂದು ಡಾಕ್ಟರು ಕೇಳಿದರು. ಆಟಗಾರರು ಮಾತ್ರ ಇದನ್ನು ಒಪ್ಪಲಿಲ್ಲ. ಎಲ್‌ಬಿಡಬ್ಲ್ಯು ಕೊಟ್ಟೂ ಕೊಟ್ಟೂ ಭುಜ ಹೋಯಿತು ಎಂಬುದು ಅವರ ತೀರ್ಮಾನ. ಎಲ್‌ಬಿಡಬ್ಲ್ಯುಗೆ ಬೆರಳು ಸಾಕು, ಭುಜ ಬೇಡ ಎಂದು ಬ್ಲೆನ್‌ಮನ್ ಹೇಳುತ್ತಿದ್ದರು. ಅವರು ನಗುತ್ತಿರಲಿಲ್ಲವಾದ್ದರಿಂದ ಅದು ತಮಾಷೆಯೋ ಅಲ್ಲವೋ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ವೆಲ್ಡಾ ಗಿಟ್ಟೆನ್ಸಳಿಗೆ ಗೊತ್ತಾಗುತ್ತಿತ್ತು. ಅವಳು ಸ್ಪೈಟ್ಸ್‌ಟೌನಿನ ಗ್ರಂಥಾಲಯದಲ್ಲಿ ಕೆಲಸ ಮಾಡಿ ನಿವೃತ್ತಳಾದವಳು, ನಾರ್ತ್ ಸ್ಟಾರ್ ತಂಡಕ್ಕೆ ಇಪ್ಪತ್ತೆರಡು ವರ್ಷದಿಂದ ಸ್ಕೋರರ್. ಹುಣಿಸೆ ಮರದ ಕೆಳಗೆ ಮೇಜು ಹಾಕಿಕೊಂಡು, ಒಂದು ಕಡೆ ಸ್ಕೋರಿನ ಪುಸ್ತಕ, ಇನ್ನೊಂದು ಕಡೆ ಚಹಾ ವಿರಾಮಕ್ಕೆಂದು ತಂದ ಕಾದಂಬರಿ ಇಟ್ಟುಕೊಂಡು ಕೂರುತ್ತಿದ್ದಳು. ಅಂಪೈರ್ ಏನಾದರೂ ಸಂಜ್ಞೆ ಮಾಡಿದರೆ ಸ್ಕೋರರ್ ಕೈ ಎತ್ತಿ ‘ಕಂಡೆ’ ಎಂದು ತೋರಿಸಬೇಕು. ತೋರಿಸುವ ತನಕ ಆಟ ಮುಂದೆ ಹೋಗುವಂತಿಲ್ಲ. ಇಪ್ಪತ್ತೆರಡು ವರ್ಷ ಅವರಿಬ್ಬರ ಸ್ನೇಹ ಹೆಚ್ಚಾಗಿ ನಡೆದದ್ದು ಹೀಗೆ, ಎಪ್ಪತ್ತು ಗಜ ದೂರದಿಂದ. ಅವರು ಕೈ ಎತ್ತಿದರೆ ಇವಳೂ ಎತ್ತುತ್ತಿದ್ದಳು. ಮೊದಲನೇ ವರ್ಷ ಒಮ್ಮೆ, ಬೌಂಡರಿ ಗೆರೆ ದಾಟಿದ ಚೆಂಡಿಗೆ ಅವರು ಗಾಳಿಗೆ ಹಾರಿದ ಟೋಪಿ ಹಿಡಿಯಲು ಹೋಗಿ ಸಂಜ್ಞೆಯನ್ನೇ ಮರೆತಾಗ, ಇವಳು ತಾನಾಗಿ ನಾಲ್ಕು ಬರೆದುಕೊಂಡಿದ್ದಳು. ಆಟ ಮುಗಿದ ಮೇಲೆ ಬ್ಲೆನ್‌ಮನ್ ಮೇಜಿನ ಹತ್ತಿರ ಬಂದು, “ಮಿಸ್ ಗಿಟ್ಟೆನ್ಸ್, ನಾನು ಕೊಟ್ಟದ್ದನ್ನ ಬರೀರಿ. ನಾನು ಕೊಡಬೇಕಾಗಿದ್ದದ್ದನ್ನ ಬರೀಬೇಡಿ,” ಎಂದು ಹೇಳಿ ಹೋದರು. ಆಮೇಲೆ ಅವಳು ಹಾಗೆ ಬರೆಯಲಿಲ್ಲ.

ಆಗಸ್ಟಿನಲ್ಲಿ ಶಸ್ತ್ರಚಿಕಿತ್ಸೆ ಆಯಿತು. ಸವೆದ ಕೀಲನ್ನು ತೆಗೆದು ಲೋಹದ್ದನ್ನು ಕೂರಿಸಿದರು, ಅದೂ ತಿರುವುಮುರುವಾಗಿ. ಗುಂಡು ಇದ್ದ ಜಾಗದಲ್ಲಿ ಬಟ್ಟಲು, ಬಟ್ಟಲು ಇದ್ದ ಜಾಗದಲ್ಲಿ ಗುಂಡು. ಒಳಗಿನ ಸ್ನಾಯುಗಳು ಹರಿದುಹೋಗಿದ್ದರಿಂದ ಹೊರಗಿನ ದೊಡ್ಡ ಸ್ನಾಯುವೇ ಕೈ ಎತ್ತುವಂತಾಗಲಿ ಎಂದು ಹೀಗೆ ಮಾಡುತ್ತಾರಂತೆ. ವೆಲ್ಡಾ ನೋಡಲು ಹೋದಾಗ ಬ್ಲೆನ್‌ಮನ್ ಇದನ್ನೆಲ್ಲ ಸಾವಧಾನವಾಗಿ ವಿವರಿಸಿ, ಓವರ್ ಮುಗಿದ ಮೇಲೆ ತುದಿ ಬದಲಾಯಿಸಿದ ಹಾಗೆ ಎಂದರು. ಕೈಯನ್ನು ಪಟ್ಟಿಯಲ್ಲಿ ತೂಗುಹಾಕಿ, ಕಂಕುಳ ಕೆಳಗೆ ಒಂದು ಸಣ್ಣ ದಿಂಬು ಸಿಕ್ಕಿಸಿದ್ದರು. ಮಾಡಬಾರದ ಸಂಗತಿಗಳ ಒಂದು ಹಾಳೆ ಮಂಚದ ಪಕ್ಕ ಇತ್ತು: ಆ ಕೈ ಊರಿ ಕುರ್ಚಿಯಿಂದ ಏಳಬಾರದು, ಆ ಕೈಯನ್ನು ಬೆನ್ನ ಹಿಂದೆ ಒಯ್ಯಬಾರದು, ಭಾರ ಎತ್ತಬಾರದು. ಬ್ಲೆನ್‌ಮನ್ ಅದನ್ನು ಆಟದ ನಿಯಮಗಳನ್ನು ಓದುವಷ್ಟೇ ಶ್ರದ್ಧೆಯಿಂದ ಓದಿದ್ದರು. ಕೊನೆಗೆ ಅವರು ಡಾಕ್ಟರನ್ನು ಕೇಳಿದ್ದು ಒಂದೇ, ಮೇ ತಿಂಗಳ ಹೊತ್ತಿಗೆ ಕೈ ತಲೆಯ ಮೇಲಕ್ಕೆ ಹೋಗುತ್ತದೆಯೇ ಎಂದು. ಮೇ ತಿಂಗಳಲ್ಲಿ ಲೀಗಿನ ಕಾರ್ಯದರ್ಶಿ ಪಿಲ್‌ಗ್ರಿಮ್ ಎಲ್ಲ ಅಂಪೈರುಗಳನ್ನೂ ಸಾಲಾಗಿ ನಿಲ್ಲಿಸಿ ಸಂಜ್ಞೆಗಳನ್ನು ಮಾಡಿಸಿ ನೋಡುತ್ತಿದ್ದ. ಮಾಡಲಾಗದವರಿಗೆ ಆ ವರ್ಷ ಪಂದ್ಯವಿಲ್ಲ. ಅರವತ್ತೆಂಟು ದಾಟಿದವರಿಗೆ ಆ ವರ್ಷ ಇಲ್ಲವೆಂದರೆ ಯಾವ ವರ್ಷವೂ ಇಲ್ಲ.

ಐದನೇ ವಾರದಲ್ಲಿ ಕೀಲು ಜಾರಿತು. ಅದು ಶನಿವಾರ. ಸುಮ್ಮನೆ ನೋಡಿ ಬರೋಣವೆಂದು ಬ್ಲೆನ್‌ಮನ್ ಮೈದಾನಕ್ಕೆ ಹೊರಟಿದ್ದರು. ಅಂಗಿಯ ಹಿಂಭಾಗ ಪ್ಯಾಂಟಿನಿಂದ ಹೊರಗೆ ಬಂದಿತ್ತು. ಹೆಂಡತಿ ಆರ್ಡೀನ್ ಅಡುಗೆಮನೆಯಲ್ಲಿದ್ದಳು, ಕರೆದಿದ್ದರೆ ಬಂದು ಸಿಕ್ಕಿಸುತ್ತಿದ್ದಳು. ಅವರು ಕರೆಯಲಿಲ್ಲ. ಪಟ್ಟಿಯಿಂದ ಕೈ ತೆಗೆದು, ಬೆನ್ನ ಹಿಂದೆ ಒಯ್ದು, ಅಂಗಿ ಸಿಕ್ಕಿಸಿಕೊಂಡರು. ಆಮೇಲೆ ಗೋಡೆ ಹಿಡಿದುಕೊಂಡು ನೆಲದ ಮೇಲೆ ಕೂತರು. ಆಸ್ಪತ್ರೆಯಲ್ಲಿ ಮದ್ದು ಕೊಟ್ಟು ಮಲಗಿಸಿ ಕೀಲನ್ನು ಮತ್ತೆ ಅದರ ಜಾಗಕ್ಕೆ ಕೂರಿಸಿದರು. ಪಟ್ಟಿ ಇನ್ನೂ ಆರು ವಾರ ಎಂದರು.

ವೆಲ್ಡಾ ಹೋದಾಗ ಆರ್ಡೀನ್ ಬಾಗಿಲಲ್ಲೇ ಹಿಡಿದುಕೊಂಡಳು.

“ಕೇಳಿ ಮಿಸ್ ಗಿಟ್ಟೆನ್ಸ್, ಮನೆ ಹಿಂದಿನ ಬೇಲಿ ಕಟ್ಟೋಕೆ ಏಳದ ಕೈ, ಅಂಗಿ ಸಿಕ್ಕಿಸೋಕೆ ಎದ್ದಿದೆ. ಆಡೋಕಲ್ಲ, ನಿಲ್ಲೋಕಲ್ಲ. ಬೆಂಚಿನ ಮೇಲೆ ಕೂತು ನೋಡೋಕೆ.”

“ಅಂಗಿ ಹೊರಗಿಟ್ಕೊಂಡು ಮೈದಾನಕ್ಕೆ ಹೋಗೋದು ಹೇಗೆ?” ಎಂದು ಒಳಗಿನಿಂದ ಬ್ಲೆನ್‌ಮನ್ ಕೇಳಿದರು.

“ಹೇಗೆ ಅಂದ್ರೆ ಎಲ್ಲರ ಹಾಗೆ,” ಎಂದಳು ಆರ್ಡೀನ್.

ನವೆಂಬರಿನಿಂದ ವ್ಯಾಯಾಮ ಶುರುವಾಯಿತು. ಅದನ್ನು ಕಲಿಸುವವಳು ಮಿಸ್ ಲಿಕರಿಶ್, ಮೂವತ್ತು ತುಂಬದ ಹುಡುಗಿ. ನೆಟ್‌ಬಾಲ್ ಆಡುತ್ತಿದ್ದಳು, ಕ್ರಿಕೆಟ್ಟಿನ ಗಂಧವಿರಲಿಲ್ಲ. ಮೇಜಿನ ಮೇಲೆ ಎಡಗೈ ಊರಿ ಮುಂದಕ್ಕೆ ಬಾಗಿ ಬಲಗೈಯನ್ನು ಹಸುವಿನ ಬಾಲದ ಹಾಗೆ ತೂಗಾಡಿಸಬೇಕು. ಬಾಗಿಲಿಗೆ ಕಟ್ಟಿದ ರಾಟೆಯ ಹಗ್ಗವನ್ನು ಎಡಗೈಯಿಂದ ಎಳೆದು ಬಲಗೈಯನ್ನು ಮೇಲೆತ್ತಿಸಬೇಕು. ಗೋಡೆಯ ಮೇಲೆ ಬೆರಳುಗಳನ್ನು ಜೇಡದಂತೆ ಒಂದೊಂದೇ ಹೆಜ್ಜೆ ಹತ್ತಿಸಬೇಕು. ಎಲ್ಲವೂ ಹತ್ತು ಹತ್ತು ಸಲ, ದಿನಕ್ಕೆ ಮೂರು ಹೊತ್ತು, ಹೆಚ್ಚಿಲ್ಲ. ಎಷ್ಟು ಡಿಗ್ರಿ ಬಂತು ಎಂದು ಅವಳು ಅಳೆದು ಬರೆದುಕೊಳ್ಳುತ್ತಿದ್ದಳು. ಬ್ಲೆನ್‌ಮನ್ ಅವರಿಗೆ ಡಿಗ್ರಿಗಳಲ್ಲಿ ನಂಬಿಕೆ ಇರಲಿಲ್ಲ. ತಾವೇ ಗಾರೆ ಹಾಕಿದ ಮಲಗುವ ಕೋಣೆಯ ಗೋಡೆಯ ಮೇಲೆ, ಬೆರಳು ಮುಟ್ಟಿದಲ್ಲಿ ಪೆನ್ಸಿಲಿನಿಂದ ಗೀಟು ಎಳೆದು ತಾರೀಖು ಹಾಕುತ್ತಿದ್ದರು. ಗೀಟುಗಳಿಗೆ ಸಂಜ್ಞೆಗಳ ಹೆಸರು. ಕ್ರಿಸ್ಮಸ್ ಹೊತ್ತಿಗೆ ಕೈ ಸೊಂಟದಿಂದ ಎದೆಗೆ ಬಂದಿತ್ತು. ಜನವರಿಯ ಕೊನೆಗೆ ಕೈ ಭುಜದ ಮಟ್ಟಕ್ಕೆ ಬಂದಾಗ ವೆಲ್ಡಾಳಿಗೆ ಫೋನ್ ಮಾಡಿ, “ನೋಬಾಲ್ ಆಯ್ತು,” ಎಂದು ಹೇಳಿ ಇಟ್ಟರು.

ವೆಲ್ಡಾ ನಿಯಮದ ಪುಸ್ತಕ ತೆಗೆದುಕೊಂಡು ಹೋಗಿ ಅವರ ವರಾಂಡದಲ್ಲಿ ಕೂತಳು. ಆರ್ಡೀನ್ ಇಬ್ಬರಿಗೂ ಹುರಿದ ಮೀನಿಟ್ಟ ಬನ್ನು, ಮಾಬಿ ಪಾನಕ ತಂದಿಟ್ಟು, ಮದುವೆಯ ಮಾತುಕತೆ ನಡೆಯುತ್ತಿದೆಯೇನೋ ಎಂಬಂತೆ ಬಾಗಿಲಲ್ಲಿ ನಿಂತಳು. ಔಟ್ ಕೊಡಲು ಯಾವ ಕೈಯಾದರೂ ನಡೆಯುತ್ತದೆ. ಬೈಗೂ ಅಷ್ಟೆ, ನಾಲ್ಕಕ್ಕೂ ಅಷ್ಟೆ. ವೈಡಿಗೆ ಎರಡೂ ಕೈ ಬೇಕು, ಆದರೆ ಭುಜದ ಎತ್ತರ ಸಾಕು. ಆ ಎತ್ತರ ಬಂದಿದೆ. ಪೆನಾಲ್ಟಿ ರನ್ನುಗಳಿಗೆ ಒಂದು ಕೈ ಸಾಕು: ಎದುರು ಭುಜವನ್ನು ಮತ್ತೆ ಮತ್ತೆ ತಟ್ಟಿದರೆ ಬ್ಯಾಟಿಂಗ್ ತಂಡಕ್ಕೆ ಐದು, ತಟ್ಟದೆ ಸುಮ್ಮನೆ ಕೈ ಇಟ್ಟು ನಿಂತರೆ ಫೀಲ್ಡಿಂಗ್ ತಂಡಕ್ಕೆ ಐದು. ಎರಡೂ ಕೈ ತಲೆಯ ಮೇಲೆ ಹೋಗಬೇಕಾದದ್ದು ಸಿಕ್ಸರಿಗೆ ಮಾತ್ರ. ಇನ್ನೊಂದಿತ್ತು. ಕೊಟ್ಟ ಸಂಜ್ಞೆಯನ್ನು ಹಿಂದಕ್ಕೆ ಪಡೆಯಬೇಕಾದರೆ ಎರಡೂ ಕೈಗಳನ್ನು ಎದೆಯ ಮೇಲೆ ಅಡ್ಡ ಹಾಯಿಸಿ ಎದುರುಬದುರು ಭುಜ ಮುಟ್ಟಬೇಕು. ಬ್ಲೆನ್‌ಮನ್ ಒಮ್ಮೆ ಪ್ರಯತ್ನಿಸಿದರು. ಬಲಗೈ ಅಂಗಿಯ ಎರಡನೇ ಗುಂಡಿಯ ಹತ್ತಿರ ನಿಂತಿತು.

“ಅದು ಬಿಡಿ,” ಎಂದರು. “ಮೂವತ್ತೊಂದು ವರ್ಷದಲ್ಲಿ ಒಂದು ಸಲವೂ ನಾನು ವಾಪಸ್ ತಗೊಂಡಿಲ್ಲ.”

ಅದು ನಿಜವಾಗಿತ್ತು. ವೆಲ್ಡಾ ತಾನು ಬರೆದುಕೊಂಡಿದ್ದ ಸಂಜ್ಞೆಗಳ ಪಟ್ಟಿಯಿಂದ ಅದನ್ನು ಹೊಡೆದುಹಾಕಿದಳು.

ಹಾಗಾಗಿ ಉಳಿದದ್ದು ಸಿಕ್ಸರ್ ಒಂದೇ. ಮಾರ್ಚ್ ತಿಂಗಳಿಡೀ ಬ್ಲೆನ್‌ಮನ್ ಗೋಡೆ ಹತ್ತಿದರು. ಕೈ ಕಿವಿಯವರೆಗೆ ಬಂತು, ಅಲ್ಲಿಂದ ಮೇಲಕ್ಕೆ ಹೋಗಲಿಲ್ಲ. ಏಪ್ರಿಲಿನಲ್ಲಿ ಭುಜದ ನೆತ್ತಿಯ ಮೇಲೆ, ಮೂಳೆ ಚರ್ಮಕ್ಕೆ ತಾಗುವ ಜಾಗದಲ್ಲಿ, ಹೊಸದೊಂದು ನೋವು ಬಂತು. ಅದನ್ನು ಅವರು ಮಿಸ್ ಲಿಕರಿಶ್‌ಗೆ ಹೇಳಲಿಲ್ಲ, ಆರ್ಡೀನಳಿಗೂ ಹೇಳಲಿಲ್ಲ. ಎಡಗೈಯಿಂದ ಅಲ್ಲಿ ನಾಲ್ಕು ಸಲ ಮೆಲ್ಲಗೆ ತಟ್ಟಿದರೆ ಸ್ವಲ್ಪ ಇಳಿಯುತ್ತಿತ್ತು. ವೆಲ್ಡಾಳ ಎದುರು ಎರಡು ಮೂರು ಬಾರಿ ತಟ್ಟಿಕೊಂಡರು. ಅವಳು ಕಂಡಳು, ಕೇಳಲಿಲ್ಲ. ಕೇಳಿದ್ದರೆ ಹೇಳಿಬಿಡುತ್ತಿದ್ದರು, ಹೇಳಿದ್ದರೆ ಮೇ ತಿಂಗಳು ಕೈತಪ್ಪುತ್ತಿತ್ತು. ಅವಳು ಎಷ್ಟೋ ದಿನ ಆಮೇಲೆ ಲೆಕ್ಕ ಹಾಕಿದ್ದು, ತಾನು ಆಗ ಕೇಳದೆ ಇದ್ದದ್ದು ಅವರ ಸಲುವಾಗಿಯೋ ತನ್ನ ಶನಿವಾರಗಳ ಸಲುವಾಗಿಯೋ ಎಂದು.

ಮೇ ತಿಂಗಳ ಮೊದಲ ಭಾನುವಾರ ಪಿಲ್‌ಗ್ರಿಮ್ ಎಂಟು ಅಂಪೈರುಗಳನ್ನು ಪೆವಿಲಿಯನ್ ಮುಂದೆ ನಿಲ್ಲಿಸಿದ. ಸಂಜ್ಞೆಗಳ ಹೆಸರು ಕೂಗುವ ಕೆಲಸ ವೆಲ್ಡಾಳದು. ವಾಪಸ್ ಪಡೆಯುವ ಸಂಜ್ಞೆಯನ್ನು ಅವಳು ಕೂಗಲಿಲ್ಲ. ಸಿಕ್ಸರ್ ಎಂದು ಕೂಗಿದಾಗ ಹದಿನಾಲ್ಕು ಕೈಗಳು ಆಕಾಶಕ್ಕೆ ಹೋದವು. ಬ್ಲೆನ್‌ಮನ್ ಅವರ ಎರಡು ಕೈಗಳು ಕಿವಿಯ ಎತ್ತರಕ್ಕೆ ಬಂದು ನಿಂತವು. ಆಮೇಲೆ ಅವರು ತಲೆ ತಗ್ಗಿಸಿದರು, ಗಲ್ಲ ಎದೆಗೆ ತಾಗುವಷ್ಟು. ಕೈಗಳು ಈಗ ತಲೆಗಿಂತ ಮೇಲಿದ್ದವು.

ಪಿಲ್‌ಗ್ರಿಮ್ ಬಹಳ ಹೊತ್ತು ನೋಡಿದ.

“ಏನಿದು ಡಾರ್ನ್ಲಿ?”

“ಕೈ ತಲೆಯ ಮೇಲಿರಬೇಕು ಅಂತ ಪುಸ್ತಕದಲ್ಲಿದೆ,” ಎಂದರು ಬ್ಲೆನ್‌ಮನ್, ನೆಲಕ್ಕೆ. “ತಲೆ ಎಲ್ಲಿರಬೇಕು ಅಂತ ಇಲ್ಲ.”

ಪಿಲ್‌ಗ್ರಿಮ್ ವೆಲ್ಡಾಳ ಕಡೆ ತಿರುಗಿದ. ಅವಳು ಪುಸ್ತಕ ತೆರೆದು ನೋಡಿ, ಇಲ್ಲ ಎಂದಳು. ಬ್ಲೆನ್‌ಮನ್ ಪಾಸಾದರು. ಆ ತಿಂಗಳು ಸೇಂಟ್ ಲೂಸಿಯಲ್ಲಿ ಸಿಕ್ಸರ್ ಬಿದ್ದಾಗಲೆಲ್ಲ ಅಂಪೈರ್ ದುಃಖದಲ್ಲಿ ತಲೆ ತಗ್ಗಿಸಿದಂತೆ ಕಾಣುತ್ತಿತ್ತು. ಬೌಲರುಗಳಿಗೆ ಇದು ಸಮಾಧಾನ ತಂದಿತು.

ಜೂನ್ ಎರಡನೇ ಶನಿವಾರ ನಾರ್ತ್ ಸ್ಟಾರಿಗೂ ಕ್ಲಿಫ್‌ಸೈಡಿಗೂ ಪಂದ್ಯ. ನಾರ್ತ್ ಸ್ಟಾರ್ ನೂರ ಎಪ್ಪತ್ತೊಂದು ಮಾಡಿತ್ತು. ಕ್ಲಿಫ್‌ಸೈಡಿನ ಕೊನೆಯ ಜೋಡಿ ಆಡುತ್ತಿತ್ತು. ಆ ಜೋಡಿಯಲ್ಲಿ ಒಬ್ಬ ಕಣ್ಣು ಮುಚ್ಚಿ ಬೀಸಿದ್ದು ಹುಣಿಸೆ ಮರದ ಮೇಲೆ ಬಿತ್ತು. ಬ್ಲೆನ್‌ಮನ್ ತಲೆ ತಗ್ಗಿಸಿ ಕೈ ಎತ್ತಿದರು, ವೆಲ್ಡಾ ಕೈ ಎತ್ತಿದಳು. ನೂರ ಅರವತ್ಮೂರು. ಗೆಲ್ಲಲು ಇನ್ನು ಒಂಬತ್ತು. ಕೈ ಇಳಿಸುವಾಗ ಬ್ಲೆನ್‌ಮನ್ ಅವರು ಮುಖ ಕಿವುಚಿದ್ದು ಅವಳಿಗೆ ಅಷ್ಟು ದೂರದಿಂದ ಕಂಡಿತು. ಅವರು ಎಡಗೈಯನ್ನು ಅಡ್ಡ ತಂದು ಬಲಭುಜದ ನೆತ್ತಿಯ ಮೇಲೆ ತಟ್ಟಿಕೊಂಡರು. ಒಂದು, ಎರಡು, ಮೂರು, ನಾಲ್ಕು.

ವೆಲ್ಡಾಳ ಪಕ್ಕದಲ್ಲಿ ಕ್ಲಿಫ್‌ಸೈಡಿನ ಸ್ಕೋರರ್ ಐಫಿಲ್ ಕೂತಿದ್ದ. ಅವನು ತಕ್ಷಣ ಕೈ ಎತ್ತಿದ.

“ನಮಗೆ ಐದು,” ಎಂದ. “ಯಾಕೆ ಅಂತ ಕೇಳಬೇಡಿ. ತಟ್ಟಿದ್ದು ನೋಡಿದೆ.”

ಅದು ಸಂಜ್ಞೆಯಲ್ಲ, ನೋವು ಎಂದು ಇಡೀ ಮೈದಾನದಲ್ಲಿ ಗೊತ್ತಿದ್ದವಳು ವೆಲ್ಡಾ ಒಬ್ಬಳೇ. ಬಾಯಿ ಬಿಟ್ಟು ಹೇಳಿದರೆ ಐಫಿಲ್ ಕೈ ಇಳಿಸುತ್ತಿದ್ದ. ಆದರೆ ನೋಯುವ ಭುಜವನ್ನು ಒಂದೂವರೆ ತಿಂಗಳಿಂದ ಮುಚ್ಚಿಟ್ಟುಕೊಂಡು ಅಂಪೈರ್ ನಿಂತಿದ್ದಾರೆ ಎಂಬುದೂ ಅದೇ ಬಾಯಿಂದ ಹೊರಗೆ ಬರುತ್ತಿತ್ತು. ಬೌಲರ್ ತನ್ನ ಓಟದ ಗುರುತಿಗೆ ನಡೆಯುತ್ತಿದ್ದ. ಅವಳು ಮೊದಲನೇ ವರ್ಷದ ಆ ನಾಲ್ಕನ್ನು ನೆನೆದಳು. ಕೈ ಎತ್ತಿದಳು.

ಬ್ಲೆನ್‌ಮನ್ ಮೇಜಿನ ಕಡೆ ನೋಡಿದರು. ಎರಡು ಕೈಗಳು ಮೇಲಿದ್ದವು. ತಾವು ಏನು ಕೊಟ್ಟರೆಂಬುದು ಅವರಿಗೆ ತಿಳಿದದ್ದು ಆಗಲೇ. ಬೌಲರನ್ನು ತಡೆದು, ಎರಡೂ ಕೈಗಳನ್ನು ಎದೆಯ ಮೇಲೆ ಅಡ್ಡ ತಂದರು. ಎಡಗೈ ಬಲಭುಜವನ್ನು ಮುಟ್ಟಿತು. ಬಲಗೈ ಎರಡನೇ ಗುಂಡಿಗೆ ಬಂದು ನಿಂತಿತು. ಅವರು ಇನ್ನಷ್ಟು ತಳ್ಳಿದರು. ಅದು ಮಿಸುಕಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಬಲಗೈ ತಾನಾಗಿ ಕೆಳಗೆ ಬಿತ್ತು. ಎಡಗೈ ಬಲಭುಜದ ಮೇಲೆ ಹಾಗೇ ಇತ್ತು.

ಐಫಿಲ್ ಕಣ್ಣು ಕಿರಿದು ಮಾಡಿ ನೋಡಿದ.

“ಈಗ ತಟ್ತಾ ಇಲ್ವಲ್ಲ.”

“ಇಲ್ಲ,” ಎಂದಳು ವೆಲ್ಡಾ. “ಸುಮ್ಮನೆ ಇಟ್ಟಿದಾರೆ. ಫೀಲ್ಡಿಂಗ್ ತಂಡಕ್ಕೆ ಐದು.” ಮತ್ತೆ ಕೈ ಎತ್ತಿದಳು.

ನಾರ್ತ್ ಸ್ಟಾರಿನ ಮೊತ್ತ ನೂರ ಎಪ್ಪತ್ತಾರಾಯಿತು, ಕ್ಲಿಫ್‌ಸೈಡಿನದು ನೂರ ಅರವತ್ತೆಂಟು. ಗೆಲ್ಲಲು ಇನ್ನು ಒಂಬತ್ತು. ಐಫಿಲ್ ಎರಡು ಸಲ ಕೂಡಿಸಿ ಕಳೆದು, ಎರಡು ಸಲವೂ ಅದೇ ಬಂದದ್ದರಿಂದ ಜಗಳ ಆಡಲು ಏನೂ ಸಿಗದೆ ಕೈ ಎತ್ತಿದ. ಮುಂದಿನ ಚೆಂಡಿಗೆ ಕೊನೆಯವನ ಮಧ್ಯದ ಸ್ಟಂಪ್ ಹಾರಿತು. ಅದಕ್ಕೆ ಯಾವ ಸಂಜ್ಞೆಯೂ ಬೇಕಾಗಲಿಲ್ಲ.

ಎಲ್ಲರೂ ಹೋದ ಮೇಲೆ ಬ್ಲೆನ್‌ಮನ್ ಮೇಜಿನ ಹತ್ತಿರ ಬಂದು ಎಡಗೈ ಊರಿಕೊಂಡು ಬೆಂಚಿನ ಮೇಲೆ ಕೂತರು. ಟೋಪಿ ತೆಗೆದು ಮಡಿಲಲ್ಲಿ ಇಟ್ಟುಕೊಂಡರು.

“ನೋವಿಗೆ ತಟ್ಕೊಂಡಿದ್ದು ಅಂತ ನಿಮಗೆ ಗೊತ್ತಿತ್ತು.”

“ಗೊತ್ತಿತ್ತು.”

“ಮತ್ತೆ ಕೈ ಯಾಕೆ ಎತ್ತಿದ್ರಿ?”

“ನೀವು ಕೊಟ್ರಿ, ಮಿಸ್ಟರ್ ಬ್ಲೆನ್‌ಮನ್.”

ಹುಲ್ಲಿನ ಮೇಲೆ ಒಂದು ಆಡು ಬಂದು ಬೌಂಡರಿ ಗೆರೆಯನ್ನು ಮೂಸಿ ನೋಡಿ ಹೋಯಿತು.

“ಸರಿ,” ಎಂದರು. “ಸರಿಯಾಗೇ ಮಾಡಿದ್ರಿ.”

ಪೆನಾಲ್ಟಿ ಕೊಟ್ಟರೆ ಕಾರಣ ಬರೆದು ಕಾರ್ಯದರ್ಶಿಗೆ ಕಳಿಸಬೇಕು. ಒಂದೇ ಚೆಂಡಿಗೆ ಎರಡೂ ತಂಡಕ್ಕೆ ಕೊಟ್ಟದ್ದಕ್ಕೆ ಪಿಲ್‌ಗ್ರಿಮ್ ಉದ್ದನೆಯ ವಿವರಣೆ ನಿರೀಕ್ಷಿಸಿದ್ದ. ಬಂದದ್ದು ಒಂದು ಸಾಲು: ‘ಭುಜ ನೋಯುತ್ತಿತ್ತು, ತಪ್ಪು ನನ್ನದು, ಸ್ಕೋರರುಗಳದ್ದಲ್ಲ.’ ಕೆಳಗೆ ರುಜು, ಅದರ ಕೆಳಗೆ ರಾಜೀನಾಮೆ.

ಡಾಕ್ಟರು ಎಕ್ಸ್‌ರೇ ತೆಗೆದು ನೋಡಿದರು. ಲೋಹದ ಕೀಲು ಚೆನ್ನಾಗಿತ್ತು. ಅದರ ಮೇಲೆ ಸೂರಿನಂತೆ ಚಾಚಿದ ಮೂಳೆಯಲ್ಲಿ ಕೂದಲೆಳೆಯ ಬಿರುಕು ಬಿಟ್ಟಿತ್ತು, ಒಂದೇ ಸಮನೆ ಎಳೆದು ಎಳೆದು. ಮತ್ತೆ ಪಟ್ಟಿ, ಮತ್ತೆ ದಿಂಬು. ಮಿಸ್ ಲಿಕರಿಶ್ ತನ್ನ ಹಾಳೆಯನ್ನು ಅವರ ಮುಂದೆ ಹಿಡಿದಳು.

“ಹತ್ತು ಸಲ ಅಂತ ಬರೆದಿದ್ದೆ. ನೀವು ಎಷ್ಟು ಮಾಡಿದ್ರಿ?”

“ನೂರಿಪ್ಪತ್ತು.”

“ದಿನಕ್ಕಾ?”

“ಹೊತ್ತಿಗೆ.”

ಅವಳು ಹಾಳೆಯನ್ನು ಕೆಳಗಿಟ್ಟಳು. ಎಂಟು ವಾರ ಏನೂ ಮಾಡಬೇಡಿ, ಆಮೇಲೆ ಮೊದಲಿನಿಂದ ಶುರು ಮಾಡೋಣ, ಆದರೆ ನಾನು ಎಣಿಸುತ್ತೇನೆ, ನೀವಲ್ಲ ಎಂದಳು. ಕೈ ತಲೆಯ ಮೇಲೆ ಹೋಗುವ ಮಾತು ಅವಳೂ ಎತ್ತಲಿಲ್ಲ, ಅವರೂ ಎತ್ತಲಿಲ್ಲ.

ಮುಂದಿನ ಎರಡು ವರ್ಷ ಬ್ಲೆನ್‌ಮನ್ ಶನಿವಾರಗಳಂದು ಹುಣಿಸೆ ಮರದ ಕೆಳಗೆ ಕೂತರು. ಎದುರು ತಂಡಕ್ಕೆ ಸ್ಕೋರರ್ ಇಲ್ಲದ ದಿನ ಆ ತಂಡದ ಸ್ಕೋರಿನ ಪುಸ್ತಕ ಬರೆದರು. ಎಡಗೈಯಲ್ಲಿ ಬರೆಯುವುದನ್ನು ಪಟ್ಟಿಯ ದಿನಗಳಲ್ಲೇ ಕಲಿತಿದ್ದರು. ಹೊಸ ಅಂಪೈರ್ ಸಂಜ್ಞೆ ಮಾಡಿದರೆ ಇಬ್ಬರೂ ಒಟ್ಟಿಗೆ ಕೈ ಎತ್ತುತ್ತಿದ್ದರು, ಅವಳು ಬಲಗೈ, ಅವರು ಎಡಗೈ. ಚಹಾ ವಿರಾಮದಲ್ಲಿ ವೆಲ್ಡಾ ಓದುತ್ತಿದ್ದ ಕಾದಂಬರಿಯ ಕಥೆ ಎಲ್ಲಿಗೆ ಬಂತು ಎಂದು ಕೇಳುತ್ತಿದ್ದರು. ಅವಳು ಹೇಳಿದರೆ, ಅವನದು ತಪ್ಪು ಅಥವಾ ಅವಳದು ತಪ್ಪು ಎಂದು ತೀರ್ಪು ಕೊಟ್ಟು ಬನ್ನು ತಿನ್ನುತ್ತಿದ್ದರು. ವ್ಯಾಯಾಮದ ಸುದ್ದಿ ಎತ್ತುತ್ತಿರಲಿಲ್ಲ. ಹತ್ತು ಸಲ, ಮೂರು ಹೊತ್ತು ಎಂದು ಮಾತ್ರ ಆರ್ಡೀನ್ ಹೇಳಿದ್ದಳು. ಗಡಿಯಾರ ನೋಡಿ ಮಾಡುತ್ತಾರೆ, ಒಂದು ಸಲವೂ ಹೆಚ್ಚು ಮಾಡುವುದಿಲ್ಲ ಎಂದು.

ಎರಡನೇ ವರ್ಷದ ಅಕ್ಟೋಬರಿನಲ್ಲಿ ಒಂದು ಶನಿವಾರ ಆಟ ಮುಗಿಸಿ ಇಬ್ಬರೂ ಬಸ್ಸಿಗೆ ಹೊರಟರು. ಅವರದು ರಸ್ತೆಯ ಆಚೆ ಬದಿ, ಇವಳದು ಈಚೆ. ವೆಲ್ಡಾಳ ಒಂದು ಕೈಯಲ್ಲಿ ಸ್ಕೋರಿನ ಪುಸ್ತಕಗಳ ಚೀಲ, ಇನ್ನೊಂದರಲ್ಲಿ ಆರ್ಡೀನ್ ಕಳಿಸಿದ ಕೊಬ್ಬರಿ ಬ್ರೆಡ್ಡು. ಆಚೆ ಬದಿಯಲ್ಲಿ ಬ್ಲೆನ್‌ಮನ್ ಅವಳ ಕಡೆ ತಿರುಗಿ ನೆಟ್ಟಗೆ ನಿಂತರು. ಎರಡೂ ಕೈಗಳನ್ನು ಎತ್ತಿದರು. ಎಡಗೈ ಮೊದಲು ಹೋಯಿತು, ಬಲಗೈ ಹಿಂದಿನಿಂದ ನಿಧಾನವಾಗಿ ಹೋಗಿ ಅದನ್ನು ಸೇರಿಕೊಂಡಿತು. ತಲೆ ತಗ್ಗಿರಲಿಲ್ಲ. ಅವರು ಕಾದರು. ವೆಲ್ಡಾ ಚೀಲವನ್ನು ಎಲ್ಲಿಡಲಿ ಎಂದು ನೆಲ ನೋಡಿದಳು. ನೆಲ ಒದ್ದೆಯಾಗಿತ್ತು. ಬ್ರೆಡ್ಡನ್ನು ಕಂಕುಳಿಗೆ ಸಿಕ್ಕಿಸಿಕೊಳ್ಳುವಷ್ಟರಲ್ಲಿ ಬಸ್ಸು ನಡುವೆ ಬಂತು. ಅದು ಹೋದಾಗ ಅವರೂ ಅದರೊಳಗೆ ಹೋಗಿದ್ದರು.

ಮರುದಿನ ಬೆಳಿಗ್ಗೆ, ಚರ್ಚಿಗೆ ಹೋಗಲು ಅಂಗಿ ಸಿಕ್ಕಿಸಿಕೊಂಡು ಕುರ್ಚಿಯ ಮೇಲೆ ಕೂತವರು ಏಳಲಿಲ್ಲ. ಹೃದಯ ಎಂದರು. ಭುಜಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ಡಾಕ್ಟರು ಎರಡು ಸಲ ಹೇಳಿದರಂತೆ.

ಆರ್ಡೀನ್ ವೆಲ್ಡಾಳನ್ನು ಮಲಗುವ ಕೋಣೆಗೆ ಕರೆದುಕೊಂಡು ಹೋಗಿ ಗೋಡೆ ತೋರಿಸಿದಳು. ಎಲ್ಲಕ್ಕಿಂತ ಮೇಲಿನ ಗೀಟು ಇಬ್ಬರ ತಲೆಗಿಂತಲೂ ಎತ್ತರದಲ್ಲಿತ್ತು. ಶುಕ್ರವಾರದ ತಾರೀಖು.

“ನನಗೂ ಹೇಳಿಲ್ಲ,” ಎಂದಳು ಆರ್ಡೀನ್. “ನಿಮಗೆ ಹೇಳಿದ್ರಾ?”

“ಹೇಳಿದ್ರು,” ಎಂದಳು ವೆಲ್ಡಾ. “ನಾನು ಉತ್ತರ ಕೊಟ್ಟಿಲ್ಲ.”

ಶವಸಂಸ್ಕಾರದವನು ಪೆಟ್ಟಿಗೆಯಲ್ಲಿ ಕೈಗಳನ್ನು ಎದೆಯ ಮೇಲೆ ಅಡ್ಡ ಇಡಲು ಹೊರಟ. ಎಲ್ಲರಿಗೂ ಹಾಗೇ ಮಾಡುವುದು ಎಂದ. ವೆಲ್ಡಾ ಬೇಡ ಎಂದಳು, ಪಕ್ಕದಲ್ಲಿ ನೆಟ್ಟಗೆ ಇಡಿ, ಅವರು ಏನನ್ನೂ ವಾಪಸ್ ತೆಗೆದುಕೊಳ್ಳುತ್ತಿಲ್ಲ ಎಂದಳು. ಅವನಿಗೆ ಅರ್ಥವಾಗಲಿಲ್ಲ. ಆರ್ಡೀನ್ ಹಾಗೇ ಇಡಪ್ಪ ಎಂದದ್ದರಿಂದ ಇಟ್ಟ.

ಸೇಂಟ್ ಲೂಸಿ ಚರ್ಚಿನ ಹಿತ್ತಲಲ್ಲಿ ಮಣ್ಣು ಹಾಕುವ ಹೊತ್ತಿಗೆ ಬಿಸಿಲು ಚುರುಕಾಗಿತ್ತು. ಏಳು ಅಂಪೈರುಗಳು ಬಂದಿದ್ದರು, ಪಿಲ್‌ಗ್ರಿಮ್ ಬಂದಿದ್ದ, ಐಫಿಲ್ ಕರಿ ಕೋಟು ಹಾಕಿಕೊಂಡು ಬಂದಿದ್ದ, ಮಿಸ್ ಲಿಕರಿಶ್ ಹಿಂದೆ ನಿಂತಿದ್ದಳು. ಪಾದ್ರಿ ಓದಿ ಮುಗಿಸಿ, ಗುದ್ದಲಿಯವರಿಗೆ ಕಣ್ಣಿನಲ್ಲೇ ಸೂಚಿಸಿದರು.

ವೆಲ್ಡಾ ಕೈಚೀಲವನ್ನು ಆರ್ಡೀನಳಿಗೆ ಕೊಟ್ಟು ಬಲಗೈ ಎತ್ತಿದಳು. ಅವಳು ಏನೋ ಕೇಳಬೇಕೆಂದಿದ್ದಾಳೆ ಎಂದುಕೊಂಡು ಪಾದ್ರಿ ಗುದ್ದಲಿಯವರನ್ನು ತಡೆದರು. ಅವಳು ಏನೂ ಕೇಳಲಿಲ್ಲ. ಸಾಕಷ್ಟು ಹೊತ್ತು, ದೂರದಿಂದ ನೋಡುವವರಿಗೂ ಕಾಣುವಷ್ಟು ಹೊತ್ತು, ಕೈಯನ್ನು ಮೇಲೆ ಹಿಡಿದು ಇಳಿಸಿದಳು. ಪಿಲ್‌ಗ್ರಿಮ್ ಗುದ್ದಲಿಯವರ ಕಡೆ ತಿರುಗಿ, “ಈಗ ನಡೆಸಿ,” ಎಂದ.